ಭಾನು ಬರೆಯದೆ ಬಿಟ್ಟ ಎರಡು ನಿಮಿಷ

ಭಾನುಮತಿಗೆ ಬರಬೇಕಾದ ಕೂಲಿ ಎರಡು ಸಾವಿರದ ಇನ್ನೂರ ನಲವತ್ತು ಡಾಲರ್. ಬಾಕಿ ಬಿದ್ದು ಹನ್ನೊಂದು ತಿಂಗಳಾಯಿತು. ಕೊಡಬೇಕಾದವನು ಅರ್ಕಾದಿ ಎಂಬಾತ. ಶಿಕಾಗೋದ ಉತ್ತರಕ್ಕಿರುವ ಒಂದು ಸಬರ್ಬಿನಲ್ಲಿ ರಷ್ಯನ್ ದಿನಸಿ ಅಂಗಡಿ ಇಟ್ಟವನು. ಅಂಗಡಿಯ ಬೆನ್ನಿಗೆ ಮದುವೆ, ಹುಟ್ಟುಹಬ್ಬಗಳಿಗೆ ಬಾಡಿಗೆ ಕೊಡುವ ಮುನ್ನೂರು ಕುರ್ಚಿಯ ಹಾಲ್ ಇರುವವನು. ಅವಳು ಮಾಡಿಕೊಟ್ಟ ಕೆಲಸ, ರಷ್ಯನ್ ಹಾಸ್ಯಚಿತ್ರವೊಂದರ ಎರಡನೇ ಭಾಗಕ್ಕೆ ಇಂಗ್ಲಿಷ್ ಸಬ್‌ಟೈಟಲ್. ನಿಮಿಷಕ್ಕೆ ಇಪ್ಪತ್ತು ಡಾಲರ್, ಸಿನಿಮಾ ನೂರಾ ಹನ್ನೆರಡು ನಿಮಿಷ. ಗುಣಿಸಿ ನೋಡಿಕೊಳ್ಳಿ.

ಆ ದುಡ್ಡಿನಲ್ಲಿ ಎರಡು ದವಡೆ ಹಲ್ಲು ಹಾಕಿಸಿಕೊಳ್ಳಬೇಕು ಅಂತಿದ್ದಳು. ಅರವತ್ತನಾಲ್ಕು ವರ್ಷದ ಹೆಂಗಸು ಹನ್ನೊಂದು ತಿಂಗಳಿಂದ ಒಂದೇ ಕಡೆ ಅಗಿಯುತ್ತಿದ್ದಾಳೆ.

ಕನ್ನಡದವಳೊಬ್ಬಳು ಅಮೆರಿಕದಲ್ಲಿ ಕೂತು ರಷ್ಯನ್ ನಗುವನ್ನು ಇಂಗ್ಲಿಷಿಗೆ ಇಳಿಸುವುದೆಂದರೆ ಇದೇನು ಕಥೆ ಎಂದು ಕೇಳಬಹುದು. ಕಥೆ ದಾವಣಗೆರೆಯ ಹತ್ತಿ ಗಿರಣಿಯಿಂದ ಶುರುವಾಗುತ್ತದೆ. ಭಾನುವಿನ ಅಪ್ಪ ಅಲ್ಲಿ ಮಗ್ಗದ ಖಾತೆಯ ಕಾರ್ಮಿಕ. ಯೂನಿಯನ್ ಆಫೀಸಿನ ಗೋಡೆಗೆ ಅಂಟಿಸಿದ್ದ ಸೋವಿಯತ್ ಸ್ಕಾಲರ್‌ಶಿಪ್ಪಿನ ನೋಟೀಸು ನೋಡಿ, ಅದರ ಅರ್ಜಿಯನ್ನು ಮಗಳ ಕೈಗಿಟ್ಟು, "ಓದೋಕೆ ದುಡ್ಡು ಕೊಡ್ತಾರಂತೆ, ಊಟಾನೂ ಹಾಕ್ತಾರಂತೆ, ನಿಮ್ಮವ್ವನ ಹತ್ರ ಮಾತ್ರ ಚಳಿ ಸುದ್ದಿ ಎತ್ತಬೇಡ" ಅಂದಿದ್ದ. ಹೀಗೆ ಇಪ್ಪತ್ತನೇ ವರ್ಷಕ್ಕೆ ಹುಡುಗಿ ವೊರೊನೆಜ್ ಎಂಬ ಊರಿನ ಹಾಸ್ಟೆಲ್ಲಿಗೆ ಹೋಗಿ ಬಿದ್ದಳು. ಆರು ವರ್ಷ ರಷ್ಯನ್ ಭಾಷೆ ಓದಿದಳು.

ಅಲ್ಲಿ ವರ್ಷಕ್ಕೊಮ್ಮೆ ಹಾಸ್ಟೆಲ್ಲಿನವರನ್ನೆಲ್ಲ ಕೂರಿಸಿ ಒಂದು ಸಿನಿಮಾ ತೋರಿಸುತ್ತಿದ್ದರು. ಫೆದ್ಯಾ ಎಂಬ ಬಸ್ ಡ್ರೈವರ್ ಮದುವೆ ದಿಬ್ಬಣವನ್ನು ತಪ್ಪು ಊರಿಗೆ ಕರೆದುಕೊಂಡು ಹೋಗುತ್ತಾನೆ, ಆ ಊರಲ್ಲೂ ಅದೇ ದಿನ ಒಂದು ಮದುವೆ. ಯಾರ ಗಂಡಿಗೆ ಯಾವ ಹೆಣ್ಣು ಎಂಬುದೇ ಗಲಾಟೆ. ಮೊದಲ ವರ್ಷ ಭಾನು ಪಕ್ಕದವಳು ನಕ್ಕ ಮೇಲೆ ನಕ್ಕಳು. ನಾಲ್ಕನೇ ವರ್ಷ ಪಕ್ಕದವಳಿಗಿಂತ ಮುಂಚೆ ನಕ್ಕಳು. ಭಾಷೆ ಬಂತು ಅಂತ ಅವಳಿಗೆ ಗೊತ್ತಾದದ್ದು ಯಾವ ಪರೀಕ್ಷೆಯ ಮಾರ್ಕಿನಿಂದಲೂ ಅಲ್ಲ, ಆ ನಗುವಿನಿಂದ.

ಡಿಗ್ರಿ ಹಿಡಿದು ವಾಪಸು ಬಂದ ನಾಲ್ಕೇ ವರ್ಷಕ್ಕೆ ಓದಿದ ದೇಶವೇ ಭೂಪಟದಿಂದ ಎದ್ದುಹೋಯಿತು. ಇತ್ತ ಅಪ್ಪನ ಗಿರಣಿಯೂ ಬಾಗಿಲು ಹಾಕಿತು. ಇಪ್ಪತ್ತೊಂಬತ್ತು ವರ್ಷ ದುಡಿದವನಿಗೆ ಗ್ರಾಚುಯಿಟಿ ಅಂತ ಒಂದು ಪೈಸೆ ಬರಲಿಲ್ಲ. ಸಂಬಳದ ದಿನವಾಗಿದ್ದ ಏಳನೇ ತಾರೀಖಿಗೆ ಅವನು ಪ್ರತಿ ತಿಂಗಳು ಬೀಗ ಬಿದ್ದ ಗೇಟಿನ ಮುಂದೆ ಹೋಗಿ ಬೀಡಿ ಸೇದಿ ಬರುತ್ತಿದ್ದ. ಜೊತೆಗಿದ್ದವರು ಒಬ್ಬೊಬ್ಬರೇ ಬಿಟ್ಟರು, ಕೊನೆಗೆ ಇವನೊಬ್ಬನೇ. ಸತ್ತ ತಿಂಗಳೂ ಹೋಗಿದ್ದ. ಭಾನು ಬೆಂಗಳೂರಿನ ಒಂದು ಟ್ಯುಟೋರಿಯಲ್ಲಿನಲ್ಲಿ, ಡಾಕ್ಟರ್ ಓದಲು ರಷ್ಯಾಕ್ಕೆ ಹೊರಟ ಹುಡುಗ ಹುಡುಗಿಯರಿಗೆ 'ಎಲ್ಲಿ ನೋವು?', 'ಎಷ್ಟು ದಿನದಿಂದ?' ಅಂತ ರಷ್ಯನ್ನಿನಲ್ಲಿ ಕೇಳುವುದನ್ನು ಕಲಿಸಿ ಹೊಟ್ಟೆ ಹೊರೆದಳು.

ಗಂಡ ಶ್ರೀಧರ್ ಡೈ ಮೇಕರ್. ಕಾರಿನ ಭಾಗ ಒತ್ತುವ ಅಚ್ಚು ಕೊರೆಯುವವನು. ಆ ಕೈಕೆಲಸಕ್ಕೆ ಡೆಟ್ರಾಯಿಟ್ ಕಡೆ ಬೇಡಿಕೆ ಇತ್ತು. ತೊಂಬತ್ತೆಂಟರಲ್ಲಿ ಇಬ್ಬರೂ ಅದರ ಪಕ್ಕದ ಪ್ಲಿಮತ್‌ಗೆ ಬಂದರು. ಮಗಳು ದಿಯಾ ಅಲ್ಲೇ ಹುಟ್ಟಿದಳು. ಶನಿವಾರ ನೋವೈ ಬಾಲಾಜಿ ಗುಡಿಗೆ ಹೋದಾಗ ಅಲ್ಲಿನ ಹೆಂಗಸರು ಭಾನುವನ್ನು 'ರಷ್ಯಾ ಭಾನು' ಅಂತ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕುಹಕ ಎಷ್ಟು ಅಂತ ಅವಳು ತೂಗಿ ನೋಡಲು ಹೋಗಲಿಲ್ಲ.

ಎಂಟೊಂಬತ್ತು ವರ್ಷದ ಹಿಂದೆ ಡೆಟ್ರಾಯಿಟ್ ಪಕ್ಕದ ಒಂದು ಲೈಬ್ರರಿಯಲ್ಲಿ ರಷ್ಯನ್ ಮುದುಕರ ಗುಂಪೊಂದು ಅದೇ ಹಳೆಯ ಬಸ್ಸಿನ ಸಿನಿಮಾ ತೋರಿಸಲು ಹೊರಟಿತು. ಮೊಮ್ಮಕ್ಕಳಿಗೆ ರಷ್ಯನ್ ಬರುವುದಿಲ್ಲ, ಇಂಗ್ಲಿಷಿನಲ್ಲಿ ಅಕ್ಷರ ಹಾಕುವವರು ಬೇಕು. ಭಾನು ಬಿಟ್ಟಿಯಾಗಿ ಒಪ್ಪಿಕೊಂಡಳು. ಅವಳ ಕೆಲಸದ ರೀತಿಯೇ ಬೇರೆ. ಸಾಲನ್ನು ರಷ್ಯನ್ನಿನಲ್ಲಿ ಕೇಳುವುದು, ಮೊದಲು ಕನ್ನಡದಲ್ಲಿ ಜೋರಾಗಿ ಹೇಳಿ ಶ್ರೀಧರನ ಮುಖ ನೋಡುವುದು. ಅವನು ನಕ್ಕರೆ ಮಾತ್ರ ಇಂಗ್ಲಿಷಿಗೆ ಇಳಿಸುವುದು. "ಕನ್ನಡದಾಗೆ ನಗು ಬರದಿದ್ರೆ ಇಂಗ್ಲಿಷ್ನಾಗೆ ಎಲ್ಲಿಂದ ಬರಬೇಕು?" ಎಂಬುದು ಅವಳ ವಾದ. 'ನಿಂತೇಹೋಯ್ತಾ ನಿನ್ನ ಬಸ್ಸು?' ಅಂತ ಹೆಣ್ಣಿನ ತಾಯಿ ಕೇಳಿದರೆ ಫೆದ್ಯಾ, 'ಇಲ್ಲಮ್ಮಾ, ಯೋಚನೆ ಮಾಡ್ತಾ ಇದೆ' ಅನ್ನುತ್ತಾನೆ. ಶ್ರೀಧರ್ ಬಿದ್ದು ಬಿದ್ದು ನಕ್ಕ. ಇನ್ನೊಂದು ಕಡೆ ಫೆದ್ಯಾ ಮದುಮಗಳಿಗೆ ಹತ್ತು ಹೂವು ಕೊಡುತ್ತಾನೆ, ನೋಡಿದವರೆಲ್ಲ ಎದೆ ಹಿಡಿದುಕೊಳ್ಳುತ್ತಾರೆ. ರಷ್ಯನ್ನರಲ್ಲಿ ಸರಿಸಂಖ್ಯೆ ಹೂವು ಹೆಣಕ್ಕೆ, ಬೆಸಸಂಖ್ಯೆ ಬದುಕಿದವರಿಗೆ. ಮುಯ್ಯಿಗೆ ನೂರರ ಮೇಲೆ ಒಂದು ರೂಪಾಯಿ ಸೇರಿಸುವ ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಅಮೆರಿಕದ ಮೊಮ್ಮಕ್ಕಳಿಗೆ ಹೇಳಬೇಕು. ಭಾನು ಹೆಣ್ಣಿನ ತಾಯಿಯ ಬಾಯಿಗೆ ಒಂದೇ ಸಾಲು ಇಟ್ಟಳು: 'ಹತ್ತಾ? ಸತ್ತೋರು ಯಾರೋ?' ಲೈಬ್ರರಿ ಹಾಲ್ ಕಿತ್ತುಹೋಗುವಂತೆ ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತ ಶ್ರೀಧರ್ ಎಲ್ಲರಿಗಿಂತ ಒಂದು ಕ್ಷಣ ಮುಂಚೆ ನಗುತ್ತಿದ್ದ.

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರಿನಲ್ಲಿ ಶ್ರೀಧರ್ ಕೆಲಸದ ಶಿಫ್ಟ್ ಮುಗಿಸಿ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದವನು ಅಲ್ಲೇ ಕುಸಿದ. ಅಷ್ಟೇ. ದಿಯಾಗೆ ಶಿಕಾಗೋದಲ್ಲಿ ಕೆಲಸ ಸಿಕ್ಕಿತು. ತಾಯಿ ಮಗಳು ಲೊಂಬಾರ್ಡ್‌ನ ಒಂದು ಅಪಾರ್ಟ್‌ಮೆಂಟಿಗೆ ಬಂದರು. ಭಾನು ಒಂದು ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸುವ ಕೆಲಸ ಹಿಡಿದಳು. ಮನೆಯಲ್ಲಿ ಕನ್ನಡ, ಮಗಳಿಂದ ಇಂಗ್ಲಿಷ್ ಉತ್ತರ, ಡೇಕೇರಿನಲ್ಲಿ ಮಕ್ಕಳ ಅಳು. ರಷ್ಯನ್ ಆಡಲು ಇಪ್ಪತ್ತೆರಡು ಮೈಲಿ ಡ್ರೈವ್ ಮಾಡಿ ಅರ್ಕಾದಿಯ ಅಂಗಡಿಗೆ ಹೋಗಬೇಕಿತ್ತು. ಪ್ರತಿ ಭಾನುವಾರ ಹೋಗುತ್ತಿದ್ದಳು. ಕೊಳ್ಳುತ್ತಿದ್ದದ್ದು ಒಂದು ಡಬ್ಬಿ ಗಿಣ್ಣು, ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಆಡುತ್ತಿದ್ದದ್ದು ಒಂದು ತಾಸು ಮಾತು. ಅರ್ಕಾದಿಯೂ ವೊರೊನೆಜ್‌ನಲ್ಲಿ ಇಂಜಿನಿಯರಿಂಗ್ ಓದಿದವನು, ಇವಳು ಉಂಡ ಕ್ಯಾಂಟೀನಿನಲ್ಲೇ ಉಂಡವನು. ಆ ಕ್ಯಾಂಟೀನಿನ ಸಾರನ್ನು ಇಬ್ಬರೂ ಸೇರಿ ಬೈಯುವುದೇ ಒಂದು ಸುಖ.

ಕಳೆದ ವರ್ಷ ಜನವರಿಯಲ್ಲಿ ಅರ್ಕಾದಿ ಕೌಂಟರಿನ ಮೇಲೆ ಬಗ್ಗಿ ಹೇಳಿದ: "ಭಾನು, ಫೆದ್ಯಾ ವಾಪಸ್ ಬರ್ತಾ ಇದ್ದಾನೆ. ನಲವತ್ತು ವರ್ಷ ಆದ ಮೇಲೆ ಎರಡನೇ ಭಾಗ ತೆಗೆದಿದ್ದಾರೆ. ಎರಡು ಶೋಗೆ ಹಕ್ಕು ತಗೊಂಡಿದ್ದೀನಿ. ಅಕ್ಷರ ನೀನು ಹಾಕು. ಈ ಸಲ ಬಿಟ್ಟಿ ಬೇಡ, ನಿಮಿಷಕ್ಕೆ ಇಪ್ಪತ್ತು."

"ಕಾಗದ ಮಾಡ್ಕೊಳ್ಳೋಣವಾ?" ಅಂತ ಅವಳು ಕೇಳಿದಳು.

"ಒಂದೇ ಪಾತ್ರೆ ಸಾರು ಉಂಡವರು ನಾವು. ನಮ್ಮ ನಡುವೆ ಕಾಗದವಾ?"

ಗಿರಣಿ ಗೇಟಿನಲ್ಲಿ ಕೂತವನ ಮಗಳು ಇಷ್ಟು ಕೇಳಿ ಕಾಗದ ಬಿಟ್ಟುಕೊಟ್ಟಳು. ಕೂಲಿ ಮಾಡುವವರು ಮೋಸ ಹೋಗುವುದು ಹೆಚ್ಚಾಗಿ ಸ್ನೇಹಿತರ ಕೈಯಲ್ಲೇ.

ಏಳು ವಾರ ಕೆಲಸ. ಡೇಕೇರಿನಿಂದ ಬಂದವಳೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುವುದು, ಕನ್ನಡದಲ್ಲಿ ಸಾಲು ಹೇಳುವುದು. ನಗಲು ಶ್ರೀಧರ್ ಇಲ್ಲ. ದಿಯಾ ಟೈಮಿಂಗ್ ಕೂರಿಸುತ್ತಿದ್ದಳು. ಅವಳು ನಕ್ಕರೆ ಸರಿ, ನಗದಿದ್ದರೆ ಮತ್ತೆ ಬರೆಯುವುದು. ಅಷ್ಟರಲ್ಲಿ ಸಿನಿಮಾ ರಷ್ಯಾದ ಊರುಗಳಲ್ಲಿ ಬಿಡುಗಡೆಯಾಗಿತ್ತು. ಮೊದಲ ವಾರ ಟಿಕೆಟ್ ಸಿಗಲಿಲ್ಲವಂತೆ. ಎರಡನೇ ವಾರ ಹಳಬರು ಉಗಿಯಲು ಶುರು ಮಾಡಿದರು. ಭಾನು ಫೋನಿನಲ್ಲಿ ಅದನ್ನೆಲ್ಲ ಓದಿದಳು. 'ಸತ್ತವನ ಚಪ್ಪಲಿ ಮೆಟ್ಟಿಕೊಂಡು ಕುಣಿದ ಹಾಗಿದೆ' ಅಂತ ಒಬ್ಬ ಬರೆದಿದ್ದ. 'ಯುದ್ಧ ನಡೆದಿರುವಾಗ ನಗುವ ಕಾಲವೇ?' ಅಂತ ಇನ್ನೊಬ್ಬಳು. ಫೆದ್ಯಾನ ಪಾತ್ರ ಮಾಡಿದ್ದ ಮುದಿ ನಟ ಚಿತ್ರೀಕರಣ ಮುಗಿದ ತಿಂಗಳಿಗೇ ತೀರಿಕೊಂಡಿದ್ದ.

ಕಥೆ ಸಪ್ಪೆಯೇ. ಫೆದ್ಯಾನ ಮಗ ತುಕ್ಕು ಹಿಡಿದ ಬಸ್ಸನ್ನು ಎಬ್ಬಿಸಿ, ಮುದಿ ಅಪ್ಪನನ್ನೂ ಕೂರಿಸಿಕೊಂಡು ಮತ್ತೊಂದು ಮದುವೆಗೆ ಹೊರಡುತ್ತಾನೆ. ಹಳೆಯ ನಗುವನ್ನೇ ಮತ್ತೆ ಕಾಯಿಸಿ ಬಡಿಸಿದ್ದರು. ಒಂದು ಕಡೆ ಮಾತ್ರ ಸಿನಿಮಾ ನಿಂತು ಉಸಿರಾಡುತ್ತದೆ. ಅರ್ಧ ದಾರಿಯಲ್ಲಿ ಫೆದ್ಯಾ ಸಾಯುತ್ತಾನೆ. ಮದುವೆ ಮನೆಯ ಮೇಜಿನ ಮುಂದೆ ಅವನ ಮಗ ಮೂರನೇ ಸಲ ಲೋಟ ತುಂಬಿ ಎದ್ದು ನಿಲ್ಲುತ್ತಾನೆ. ಎಲ್ಲರೂ ಏಳುತ್ತಾರೆ. ಲೋಟಕ್ಕೆ ಲೋಟ ತಾಗಿಸುವುದಿಲ್ಲ. ಮೂರನೆಯದು ಸತ್ತವರ ಹೆಸರಲ್ಲಿ, ಮಾತಿಲ್ಲದೆ ಕುಡಿಯುವುದು ಆ ಜನರ ಪದ್ಧತಿ. ಎರಡು ನಿಮಿಷ ಪರದೆಯ ಮೇಲೆ ಒಂದು ಮಾತಿಲ್ಲ. ಮಗನ ಕೈ ನಡುಗುತ್ತದೆ, ಲೋಟ ತುಟಿಗೆ ಹೋಗುವುದಿಲ್ಲ.

"ಅಮ್ಮಾ, ಟೂ ಮಿನಿಟ್ಸ್ ಗ್ಯಾಪ್ ಇದೆ. ಒಂದು ಲೈನ್ ಹಾಕು. ದಿಸ್ ಒನ್ ಈಸ್ ಫಾರ್ ದ ಡೆಡ್ ಅಂತ," ಅಂದಳು ದಿಯಾ.

"ಸಾವಿನ ಮುಂದೆ ಯಾರಾದ್ರೂ ಬೋರ್ಡ್ ಹಿಡ್ಕಂಡು ನಿಲ್ತಾರೇನೇ?"

"ದೆ ವೋಂಟ್ ಗೆಟ್ ಇಟ್, ಅಮ್ಮಾ."

"ಕುರುಡರೇನು ಅವರು? ಮುಖ ನೋಡಿದ್ರೆ ತಿಳಿಯಲ್ವಾ? ಬಿಡು ಖಾಲಿ."

ಸಾವಿರದ ನಾನೂರು ಸಾಲು ಬರೆದವಳು ಆ ಒಂದು ಸಾಲು ಬರೆಯಲಿಲ್ಲ. ಆರು ವರ್ಷ ಆ ಜನರ ನಡುವೆ ಬಾಳಿದವಳಿಗೆ, ಬಾಳದವರ ಕಣ್ಣು ಹೇಗೆ ನೋಡುತ್ತದೆ ಎಂಬುದು ಮರೆತುಹೋಗಿತ್ತು.

ಹಾಲ್ ತುಂಬುವುದು ಅರ್ಕಾದಿಗೆ ದೊಡ್ಡ ತಲೆನೋವಾಗಿತ್ತು. ಯುದ್ಧ ಶುರುವಾದ ಮೇಲೆ ಅವನ ಗಿರಾಕಿಗಳು ಇಬ್ಭಾಗವಾಗಿದ್ದರು. ರಷ್ಯಾ ಬಾಂಬು ಹಾಕುತ್ತಿದ್ದ ಖಾರ್ಕಿವ್‌ನಿಂದ ಬಂದವರು, ಮಾಸ್ಕೋದಿಂದ ಬಂದವರು ಇಬ್ಬರೂ ಆಡುವುದು ಅದೇ ಭಾಷೆ, ಕೊಳ್ಳುವುದು ಅದೇ ಉಪ್ಪುಮೀನು. ಈಗ ಒಬ್ಬರಿದ್ದಾಗ ಇನ್ನೊಬ್ಬರು ಅಂಗಡಿಯೊಳಗೆ ಕಾಲಿಡುವುದಿಲ್ಲ. ಅರ್ಕಾದಿ ಹುಟ್ಟಿದ್ದೇ ಖಾರ್ಕಿವ್‌ನಲ್ಲಿ, ಅವನ ತಂಗಿಯ ಮಗ ಅಲ್ಲಿ ಸತ್ತಿದ್ದ. 'ರಷ್ಯನ್ ಕಾಮಿಡಿ ತೋರಿಸೋಕೆ ನಾಚಿಕೆ ಆಗಲ್ವಾ?' ಅಂತ ಅವನ ಮನೆಯವರೇ ಕೇಳಿದ್ದರು. "ಇದು ಅವರ ಸಿನಿಮಾ ಅಲ್ಲ, ನಮ್ಮ ಹಾಸ್ಟೆಲ್ ಸಿನಿಮಾ" ಅಂತ ಅವನು ಭಾನುವಿನ ಹತ್ತಿರ ಗೊಣಗಿದ್ದ. ಟಿಕೆಟ್ ಹೋಗುತ್ತಿರಲಿಲ್ಲ. "ನಿನ್ನ ಜನ ಕರಿ" ಅಂದ.

ಭಾನು ಕರೆದಳು. ಲೊಂಬಾರ್ಡ್‌ನ ಅದೇ ಕಾಂಪ್ಲೆಕ್ಸಿನಲ್ಲಿರುವ ದಿನೇಶ್ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದ: 'ರಷ್ಯನ್ ಕಾಮಿಡಿ, ಫುಲ್ ಫ್ಯಾಮಿಲಿ ಎಂಟರ್‌ಟೇನ್ಮೆಂಟ್, ಸಬ್‌ಟೈಟಲ್ ನಮ್ಮ ಭಾನು ಆಂಟಿದು, ಎಲ್ಲಾ ಬನ್ನಿ.' ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ನಲವತ್ತೆರಡು ಜನ ಕನ್ನಡದವರು ಮಕ್ಕಳು ಮರಿ, ಚಕ್ಕುಲಿ ಡಬ್ಬಿ ಸಮೇತ ಬಂದು ಹಿಂದಿನ ಮೂರು ಸಾಲು ಹಿಡಿದರು. ಮುಂದೆ ರಷ್ಯನ್ ಆಡುವ ಎಪ್ಪತ್ತೆಂಬತ್ತು ಜನ, ಎರಡೂ ಕಡೆಯವರು, ಹೆಚ್ಚಿನವರು ಮುದುಕರು. ಉಳಿದ ಕುರ್ಚಿಗಳು ಖಾಲಿ.

ಅರ್ಕಾದಿ ಮೈಕ್ ಹಿಡಿದು ಭಾನುವನ್ನು ಎಬ್ಬಿಸಿ ನಿಲ್ಲಿಸಿ ಇಂಗ್ಲಿಷಿನಲ್ಲೇ ಹೇಳಿದ: "ಅಕ್ಷರ ಎಲ್ಲ ಇವಳದು. ನಿಮಿಷಕ್ಕೆ ಇಪ್ಪತ್ತು ಡಾಲರ್ ಕೊಡ್ತಾ ಇದ್ದೀನಿ. ಒಂದು ನಿಮಿಷಾನೂ ದಂಡ ಮಾಡಬೇಡಿ, ನಗಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವರು ಶಿಳ್ಳೆಯನ್ನೂ ಹಾಕಿದರು.

ಮೊದಲ ಒಂದು ಗಂಟೆ ಸಿನಿಮಾ ಕುಂಟುತ್ತ ಓಡಿತು. ನಗು ಅಲ್ಲೊಂದು ಇಲ್ಲೊಂದು. ಆಮೇಲೆ ಆ ಮೂರನೇ ಲೋಟ ಬಂತು. ಪರದೆಯ ಮೇಲೆ ಮಗ ಎದ್ದ. ಅದರ ಹಿಂದೆಯೇ ಹಾಲ್‌ನಲ್ಲಿ ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದಳು. ಅವಳ ಪಕ್ಕದವನು ಎದ್ದ. ನೋಡನೋಡುತ್ತ ಮುಂದಿನವರಷ್ಟೂ ಎದ್ದು ನಿಂತರು, ಮಾಸ್ಕೋದವರೂ, ಖಾರ್ಕಿವ್‌ನವರೂ. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಸಾವು ಆಗಿತ್ತು. ಅರ್ಕಾದಿ ಬಾಗಿಲ ಬಳಿ ತಲೆ ಬಗ್ಗಿಸಿ ನಿಂತಿದ್ದ. ಭಾನುವೂ ಎದ್ದಳು. ಶ್ರೀಧರ್ ಸತ್ತ ಮೇಲೆ ಅವನಿಗಾಗಿ ಇಷ್ಟು ಜನರ ನಡುವೆ ನಿಂತದ್ದು ಅದೇ ಮೊದಲು ಅನ್ನಿಸಿತು ಅವಳಿಗೆ.

ಹಿಂದಿನ ಸಾಲುಗಳಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಪರದೆಯಲ್ಲಿ ಅಕ್ಷರವಿಲ್ಲ. ಒಬ್ಬ ಗಂಡಸು ಕೈಯಲ್ಲಿ ಲೋಟ ಹಿಡಿದು ನಡುಗುತ್ತಿದ್ದಾನೆ. ನಮ್ಮ ಸಿನಿಮಾಗಳಲ್ಲಿ ಲೋಟ ಹಿಡಿದು ತೂರಾಡುವವನು ಬಂದನೆಂದರೆ ಅದು ಕಾಮಿಡಿಯೇ. ಅದನ್ನು ನೋಡಿಯೇ ಬೆಳೆದವರು ನಾವು. ವಿಜಯಪುರದ ಈರೇಶ್, ನಗಿಸುವುದರಲ್ಲಿ ಎತ್ತಿದ ಕೈ, ದೊಡ್ಡ ದನಿಯಲ್ಲಿ ಅಂದ: "ಏ, ಮಾಮಾಗ ಫುಲ್ ಏರೇತಿ ನೋಡ್ರಿ! ಬಾಯಿ ಎಲ್ಲೈತಂತ ಹುಡುಕಾಕತ್ತಾನ!"

ಮಕ್ಕಳು ಕಿಸಕ್ಕೆಂದರು. ದಿನೇಶ್ ನಕ್ಕ. ಮೂರು ಸಾಲಿಗೆ ಮೂರು ಸಾಲೂ ನಕ್ಕಿತು. ಅಷ್ಟು ಹೊತ್ತು ಸಿಗದ ನಗು ಅಲ್ಲಿ ಕಟ್ಟೆಯೊಡೆಯಿತು.

ಮುಂದಿನವರು ತಿರುಗಿ ನೋಡಿದರು. ಬೈಯಲಿಲ್ಲ. ಮೊದಲು ಎದ್ದ ಮುದುಕಿ ಮಾತ್ರ ತಿರುಗದೆಯೇ ರಷ್ಯನ್ನಿನಲ್ಲಿ ಒಂದು ಮಾತು ಹೇಳಿದಳು: "ಬಿಡಿ, ನಗಲಿ. ನಗೋಕೆ ಅಂತಲೇ ಟಿಕೆಟ್ ತಗೊಂಡಿದ್ದಾರೆ."

ಆ ಮಾತು ಹಿಂದಿನ ನಲವತ್ತೆರಡು ಜನರಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ. ನಮ್ಮವರಲ್ಲಿ ಅರ್ಥವಾದದ್ದು ಭಾನು ಒಬ್ಬಳಿಗೇ. ಆರು ವರ್ಷ ಕಷ್ಟಪಟ್ಟು ಕಲಿತ ಭಾಷೆ ಆ ಒಂದು ಸಾಲು ಕೇಳಿಸಿಕೊಳ್ಳಲಿಕ್ಕೇ ಆಗಿತ್ತೇನೋ ಅನ್ನುವ ಹಾಗೆ ನಿಂತೇ ಇದ್ದಳು.

ಸಿನಿಮಾ ಮುಗಿದು ಜನ ಚದುರಿದ ಮೇಲೆ ಅರ್ಕಾದಿ ಅವಳನ್ನು ಹಾಲ್‌ನ ಅಡುಗೆಮನೆಗೆ ಕರೆದ. ಅವನ ಕಣ್ಣು ಕೆಂಪಾಗಿತ್ತು.

"ನಿನ್ನ ಜನ ನನ್ನ ಸತ್ತವರ ಮೇಲೆ ನಕ್ಕರು. ಈ ನಗುವಿಗೆ ನಾನು ದುಡ್ಡು ಕೊಡಬೇಕಾ?"

"ಅವರಿಗೆ ಗೊತ್ತಾಗಲಿಲ್ಲ, ಅರ್ಕಾದಿ. ಸಾವಿರದ ನಾನೂರು ಸಾಲು ಬರೆದಿದ್ದೀನಿ. ಯಾವ ಸಾಲು ತಪ್ಪು, ತೋರಿಸು."

"ನೀನು ಬರೀದೆ ಬಿಟ್ಟ ಸಾಲು."

ತಪ್ಪು ತನ್ನದು ಅಂತ ಭಾನು ಇವತ್ತಿಗೂ ಒಪ್ಪುತ್ತಾಳೆ. ಆದರೆ ಎರಡು ನಿಮಿಷದ ತಪ್ಪಿಗೆ ನಲವತ್ತು ಡಾಲರ್ ಹಿಡಿಯಬಹುದು. ಉಳಿದ ನೂರಾ ಹತ್ತು ನಿಮಿಷ ಎಲ್ಲಿ ಹೋಯಿತು? ಅಪ್ಪನ ಗಿರಣಿಯಲ್ಲೂ ದಂಡ ಹಿಡಿಯುತ್ತಿದ್ದರು, ಒಂದು ಥಾನು ಬಟ್ಟೆ ಕೆಟ್ಟರೆ ಆ ಥಾನಿಗೆ. ಇಡೀ ತಿಂಗಳಿಗಲ್ಲ.

ಅರ್ಕಾದಿ ಎರಡನೇ ಶೋ ರದ್ದು ಮಾಡಿದ. ಮೂರು ಭಾನುವಾರ ಅವಳು ಅಂಗಡಿಗೆ ಹೋಗಿ ಕೇಳಿದಳು. ಮೂರನೇ ಸಲ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅಲ್ಲಿಗೆ ಅವಳು ಹೋಗುವುದನ್ನು ನಿಲ್ಲಿಸಿದಳು. ಈಗ ರಷ್ಯನ್ ಆಡಲು ಅವಳಿಗೆ ಯಾರೂ ಇಲ್ಲ. ಡೇಕೇರಿನಲ್ಲಿ ಮಲಗಿದ ಮಕ್ಕಳ ಬೆನ್ನು ತಟ್ಟುತ್ತ ಕೆಲವೊಮ್ಮೆ ಮೆಲ್ಲಗೆ ಆಡಿಕೊಳ್ಳುತ್ತಾಳೆ. ಶಬ್ದಗಳು ಒಂದೊಂದಾಗಿ ಜಾರುತ್ತಿವೆ ಅನ್ನುತ್ತಾಳೆ.

ದಿಯಾ ಹುಡುಕಿ ನೋಡಿ, ರಾಜ್ಯದ ಕಾರ್ಮಿಕ ಇಲಾಖೆಗೆ ದೂರು ಕೊಡಿಸಿದಳು. ಅರ್ಕಾದಿ ಬರೆದ ಉತ್ತರ ಹೀಗಿತ್ತು: 'ಆಕೆ ಹಳೆಯ ಸ್ನೇಹಿತೆ. ಪ್ರೀತಿಯಿಂದ ಉಚಿತವಾಗಿ ಮಾಡಿಕೊಟ್ಟಳು. ಹಣದ ಮಾತೇ ಆಗಿರಲಿಲ್ಲ.' ಹಣದ ಮಾತು ಆಗಿತ್ತು ಎನ್ನಲು ಸಾಕ್ಷಿ ಇದ್ದರೆ ಬರುವ ತಿಂಗಳ ಹದಿನೈದರೊಳಗೆ ಕಳಿಸಿ ಅಂತ ಇಲಾಖೆ ಕೇಳಿದೆ.

ಸಾಕ್ಷಿಗೇನು ಕಡಿಮೆ? ಮೈಕಿನಲ್ಲಿ ಕೂಗಿ ಹೇಳಿದ ಮಾತು. ಭಾನು ಮೊದಲು ದಿನೇಶನ ಮನೆಗೆ ಹೋದಳು.

"ಆಂಟಿ, ನಂಗೆ ಎಲ್ಲಾ ನೆನಪಿದೆ," ಅಂದ ಅವನು, ಕಾಫಿ ಕೊಟ್ಟು. "ಬಟ್ ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀನಿ. ಈ ಟೈಮಲ್ಲಿ ಗವರ್ನಮೆಂಟ್ ಪೇಪರ್ ಮೇಲೆಲ್ಲಾ ಸೈನ್ ಗೀನ್ ಬೇಡ ಅಂತ. ತಪ್ಪು ತಿಳ್ಕೋಬೇಡಿ. ನಾವೆಲ್ಲಾ ಸೇರಿ ಕಲೆಕ್ಟ್ ಮಾಡ್ತೀವಿ, ಮನೆಗೆ ನೂರೈವತ್ತು ಡಾಲರ್. ನಿಮ್ಮ ಹಲ್ಲಿನ ಖರ್ಚಿಗೆ ಆಗುತ್ತೆ."

"ಹಲ್ಲಿಗೆ ದುಡ್ಡು ಕೇಳೋಕೆ ಬಂದಿಲ್ಲಪ್ಪ. ನಾನು ಕೂಲಿ ಮಾಡಿದ್ದು ಹೌದು ಅಂತ ಹೇಳು ಅಂತ ಬಂದೆ."

ದಿನೇಶ್ ಫೋನ್ ನೋಡಿದ. ಅವಳು ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದಳು.

ಈರೇಶ್ ತಾನೇ ಬಂದ. ಬಾಗಿಲಲ್ಲೇ ನಿಂತ. "ನಂದ ತಪ್ಪಾತ್ರೀ ಅಕ್ಕಾರ. ಆ ಮಾತು ನನ್ನ ಬಾಯಿಂದನ ಬಿತ್ತು."

"ಹಂಗಾದ್ರೆ ಬರೆದು ಕೊಡು, ಈರೇಶ."

"ಬರದ್ರ, ಅಲ್ಲಿದ್ದೆ ಅಂತ ಬರೀಬೇಕಾಕ್ಕೇತಿ. ಅಲ್ಲಿದ್ದೆ ಅಂದ್ರ, ನಕ್ಕಿದ್ದೂ ಬರೀಬೇಕಾಕ್ಕೇತಿ. ನನ್ನ ಮಕ್ಕಳು ಓದ್ತಾರ್ರೀ ನಾಳೆ." ಅವನು ಅತ್ತ. ಭಾನು ಅವನಿಗೆ ನೀರು ಕೊಟ್ಟಳು. ಅತ್ತವನು ಅತ್ತು ಹೋದ, ಸಹಿ ಹಾಕಲಿಲ್ಲ.

ಉಳಿದವರದ್ದೂ ಇದೇ ಹಾಡು. ಒಬ್ಬರಿಗೆ ವೀಸಾ, ಒಬ್ಬರಿಗೆ ನಾಚಿಕೆ, ಒಬ್ಬರಿಗೆ 'ನಮಗ್ಯಾಕೆ ಊರ ಉಸಾಬರಿ'. ಮಗಳ ಮಾತಿಗೆ ಬೆಲೆಯಿಲ್ಲ, ಮನೆಯವಳು ಅಂತಾರೆ. ರಷ್ಯನ್ನರ ಬಾಗಿಲು ತಟ್ಟಲು ಭಾನುವಿಗೆ ಮುಖವಿಲ್ಲ. ದಿಯಾ ಮೊನ್ನೆ "ಲೆಟ್ ಇಟ್ ಗೋ, ಅಮ್ಮಾ" ಅಂದಳಂತೆ. ಭಾನು ಒಂದು ಬದಿಯಲ್ಲಿ ಚಪಾತಿ ಅಗಿದಳು.

ಇದನ್ನು ಬರೆಯುತ್ತಿರುವ ನಾನು ಆ ದಿನ ಅಲ್ಲಿರಲಿಲ್ಲ, ನನ್ನ ಸಹಿ ನಡೆಯುವುದಿಲ್ಲ. ನಲವತ್ತೆರಡು ಜನರಲ್ಲಿ ಇದನ್ನು ಓದುತ್ತಿರುವವರು ಇದ್ದೀರಿ. ನಕ್ಕದ್ದಕ್ಕೆ ನಿಮ್ಮನ್ನು ಯಾರೂ ಹಿಡಿದು ಕೇಳುತ್ತಿಲ್ಲ. ಗೊತ್ತಿಲ್ಲದೆ ನಕ್ಕಿರಿ, ಆಯಿತು. ಮೈಕಿನಲ್ಲಿ ಅವನು ಹೇಳಿದ್ದನ್ನು ನಿಮ್ಮ ಕಿವಿಯಾರೆ ಕೇಳಿದ್ದೀರಿ, ಚಪ್ಪಾಳೆ ತಟ್ಟಿದ್ದೀರಿ. ಬೇಕಿರುವುದು ಎರಡು ಸಾಲು: ನಾನು ಅಲ್ಲಿದ್ದೆ, ಆತ ನಿಮಿಷಕ್ಕೆ ಇಪ್ಪತ್ತು ಡಾಲರ್ ಕೊಡುತ್ತೇನೆಂದದ್ದನ್ನು ಕೇಳಿದೆ. ಅದರ ಕೆಳಗೆ ನಿಮ್ಮ ಹೆಸರು. ನೀವು ಅಲ್ಲಿ ಇರಲಿಲ್ಲವೇ? ಇದ್ದವರು ನಿಮ್ಮ ಪಕ್ಕದ ಬಾಗಿಲಲ್ಲೇ ಇದ್ದಾರೆ, ಹೋಗಿ ಕೈಗೆ ಪೆನ್ನು ಕೊಡಿ. ಹದಿನೈದರೊಳಗೆ ಬರೆಯಿರಿ. ಬರೆಯುತ್ತೀರೋ ಇಲ್ಲವೋ, ಅದನ್ನು ಭಾನುವಿನ ಮುಖ ನೋಡಿಯೇ ಹೇಳಿ.